ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರು

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿಗೆ ನಾವು ಬಂಧುಗಳ ಮನೆಯ ಮದುವೆಗೆಂದು ಹೋಗಿದ್ದಾಗ, ಚಪ್ಪರದ ಕೆಳಗೆ ಇಬ್ಬರು ಹಿರಿಯರು ಸಂಗೀತದ ವಿಷಯದಲ್ಲಿ ವಾದಕ್ಕಿಳಿದುದನ್ನು ಕಂಡೆವು. ಒಬ್ಬರು ಮೈಸೂರು ಕಡೆಯ ಕೃತಿಗಾಯನದ ಭಕ್ತರು. ಇನ್ನೊಬ್ಬರು ಧಾರವಾಡದಲ್ಲಿ ಓದಿ ಹಿಂದೂಸ್ತಾನಿ ಗಾಯನಕ್ಕೆ ಮನಸೋತವರು. ತೋಟದ ಬೇಲಿಯ ವ್ಯಾಜ್ಯದಲ್ಲಿಯೂ ತಾಳ್ಮೆಗೆಡದ ಈ ಸ್ನೇಹಿತರು, ರಾಗದ ಮಾತು ಬಂದೊಡನೆ ಮುಖ ಕೆಂಪಗೆ ಮಾಡಿಕೊಂಡು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡಲೂ ಒಪ್ಪದಾದರು. ಲಾಭನಷ್ಟಗಳಿಲ್ಲದ ವಿಷಯದಲ್ಲಿ ಮನುಷ್ಯನಿಗೆ ಇಷ್ಟು ಆವೇಶವೇಕೆ? ಈ ಪ್ರಶ್ನೆಯು ನಮ್ಮನ್ನು ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರ ಚರಿತ್ರೆಯ ಕಡೆಗೆ ಒಯ್ದಿತು.

ಖಾನ್ ಸಾಹೇಬರು ದಿಲ್ಲಿಯ ಉತ್ತರಕ್ಕಿರುವ ಕೈರಾನಾ ಊರಿನಲ್ಲಿ ೧೮೭೨ನೆಯ ಇಸವಿಯಲ್ಲಿ ಗಾಯಕರ ಮನೆತನದಲ್ಲಿ ಜನಿಸಿದರು. ಆ ಊರಿನ ಹೆಸರೇ ಕಿರಾನಾ ಘರಾಣೆಗೆ ಬಂದಿದೆ. ತಾರುಣ್ಯದಲ್ಲಿ ಬಡೋದೆಯ ಆಸ್ಥಾನದಲ್ಲಿದ್ದು, ೧೯೧೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ, ಕೊನೆಗೆ ಮೀರಜಿನಲ್ಲಿ ನೆಲೆಸಿದರು. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬಿಡಿಸಿ ತೋರಿಸುವುದೇ ಅವರ ಮಾರ್ಗ. ಸಾಂಗ್ಲಿಯ ದೇವಲರು ಶ್ರುತಿಗಳ ಪ್ರಮಾಣವನ್ನು ನಿರ್ಣಯಿಸಲು ಹೊರಟಾಗ ಈ ಕಂಠವನ್ನೇ ಆಧಾರವಾಗಿ ಹಿಡಿದರೆಂದ ಮೇಲೆ ಅದರ ಶುದ್ಧಿಯನ್ನು ಬೇರೆ ವರ್ಣಿಸಬೇಕಾಗಿಲ್ಲ.

ಹೀಗಿದ್ದರೂ ಅವರನ್ನು ಮೆಚ್ಚದ ರಸಿಕರಿದ್ದರು. ಸ್ವರಕ್ಕೆ ಸೋತು ಲಯವನ್ನೂ ಚೀಜಿನ ಶಬ್ದಗಳನ್ನೂ ಹಿಂದಕ್ಕಿಟ್ಟರೆಂಬುದು ಅವರ ಆಕ್ಷೇಪ. ಈ ಆಕ್ಷೇಪದಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಡಗಿದೆ. ಕೃತಿಗೆ ಒಗ್ಗಿದ ಕಿವಿ ಸಾಹಿತ್ಯವನ್ನೂ ಗಮಕವನ್ನೂ ತಾಳದ ಬಿಗಿಯನ್ನೂ ಅರಸುತ್ತದೆ. ಖ್ಯಾಲಿಗೆ ಒಗ್ಗಿದ ಕಿವಿ ರಾಗದ ನಿಧಾನವಾದ ವಿಸ್ತಾರವನ್ನು ಅರಸುತ್ತದೆ. ತಾನು ಅರಸಿದ್ದು ಇನ್ನೊಂದರಲ್ಲಿ ಸಿಕ್ಕದಿದ್ದಾಗ, ಅಲ್ಲಿ ಏನೂ ಇಲ್ಲವೆಂದೇ ಅದು ತೀರ್ಪು ಕೊಡುತ್ತದೆ. ಉಳಿದರ್ಧ ಇನ್ನೂ ಆಳವಾದುದು. ವಿಚಾರಶಕ್ತಿ ಹುಟ್ಟುವ ಮೊದಲೇ ಕಿವಿಗೆ ಸಂಸ್ಕಾರವಾಗಿರುತ್ತದೆ. ತಾಯಿಯ ಜೋಗುಳ, ಗುಡಿಯ ಭಜನೆ, ಇರುಳೆಲ್ಲ ಎದ್ದು ಕೇಳಿದ ಭಾಗವತರ ಪದ—ಇವೆಲ್ಲ ಕೂಡಿ ನಮ್ಮ ರುಚಿ. ಅದನ್ನು ಹಳಿದವನು ನಮ್ಮ ಮನೆಯನ್ನೇ ಹಳಿದನೆಂದು ನಮಗೆ ತೋರುತ್ತದೆ. ವಾದದಿಂದ ಬಂದುದಲ್ಲವಾದ್ದರಿಂದ ವಾದದಿಂದ ಅದು ಹೋಗುವಂತೆಯೂ ಇಲ್ಲ.

ಖಾನ್ ಸಾಹೇಬರು ವಾದಕ್ಕೆ ಹೋಗಲಿಲ್ಲ, ಕೇಳಲು ಹೋದರು. ಮೈಸೂರು ಆಸ್ಥಾನಕ್ಕೆ ಅವರು ಹಲವು ಸಲ ಬಂದರು. ಸಂಗೀತರತ್ನವೆಂಬ ಬಿರುದನ್ನು ಅಲ್ಲಿ ಪಡೆದರು. ಕರ್ನಾಟಕ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ಅದರ ಸ್ವರೋಚ್ಚಾರದ ಕ್ರಮವನ್ನು ತಮ್ಮ ಗಾಯನಕ್ಕೆ ತಂದರು. ತ್ಯಾಗರಾಜರ ಕೃತಿಯೊಂದನ್ನು ಗ್ರಾಮೊಫೋನ್ ತಟ್ಟೆಗೂ ಹಾಡಿಕೊಟ್ಟರು. ಆದರೂ ಅವರು ಕಡೆಯವರೆಗೂ ಕಿರಾನಾದ ಗಾಯಕರಾಗಿಯೇ ಉಳಿದರೆಂಬುದನ್ನು ವಾಚಕರು ಗಮನಿಸತಕ್ಕದ್ದು. ಪರರ ರುಚಿಯನ್ನು ಗೌರವಿಸಲು ತನ್ನದನ್ನು ಬಿಡಬೇಕಾಗಿಲ್ಲ.

ಬಿಟ್ಟವರೂ ಒಬ್ಬರುಂಟು. ಧಾರವಾಡದ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು; ಖಾನ್ ಸಾಹೇಬರು ಅವರ ಗಾಯನವನ್ನು ಆದರದಿಂದ ಕೇಳುತ್ತಿದ್ದರು. ೧೯೧೩ರಲ್ಲಿ ಹುಟ್ಟಿದ ಅವರ ಮಗಳು ಗಂಗೂಬಾಯಿಗೆ ಹಿಂದೂಸ್ತಾನಿಯಲ್ಲಿ ಒಲವು ಮೂಡಿತು. ಎರಡು ಪದ್ಧತಿಗಳು ಕಲೆತು ಮಗಳ ಅಭ್ಯಾಸ ಕೆಡಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ೧೯೩೨ರಲ್ಲಿ ಅವರು ತೀರಿಕೊಂಡರು. ಮಗಳು ಮುಂದೆ ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಲೋಕವಿಖ್ಯಾತರಾದರು. ಸ್ವಂತ ರುಚಿಗಿಂತ ದೊಡ್ಡದಾದ ಪ್ರೀತಿಯೊಂದಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

೧೯೩೭ರ ಅಕ್ಟೋಬರ್ ೨೭ರಂದು, ಮದರಾಸಿನಿಂದ ಪಾಂಡಿಚೇರಿಗೆ ಹೋಗುತ್ತಿದ್ದ ಖಾನ್ ಸಾಹೇಬರು ದೇಹಾಲಸ್ಯದಿಂದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಯೇ ಪ್ರಾರ್ಥಿಸುತ್ತ ಕಣ್ಮುಚ್ಚಿದರು. ಮೀರಜಿನ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಉತ್ತರದಲ್ಲಿ ಹುಟ್ಟಿದ ಗಾಯಕ, ದಕ್ಷಿಣದವರಿಗೆ ಹಾಡುತ್ತ, ದಕ್ಷಿಣದ ಹಾಡನ್ನು ಕೇಳುತ್ತ, ದಕ್ಷಿಣದ ನೆಲದಲ್ಲಿಯೇ ಮುಗಿದರು.

ಕೋಣಂದೂರಿನ ಹಿರಿಯರ ಅಭಿಮಾನವನ್ನು ನಾವು ಹಳಿಯುವುದಿಲ್ಲ. ಅಭಿಮಾನವಿಲ್ಲದವನಿಗೆ ಸಂಗೀತವೂ ಇಲ್ಲ. ಆದರೆ ತನ್ನ ತಾಯಿಯ ದನಿ ತನಗೆ ಇಂಪಾದಂತೆ ಎದುರಿನವನಿಗೂ ಒಬ್ಬ ತಾಯಿಯಿದ್ದಳೆಂಬುದನ್ನು ನೆನೆದರೆ, ವಾದ ಮುಗಿಯದಿದ್ದರೂ ಊಟದ ಪಂಕ್ತಿ ಮುರಿಯಲಾರದು.