ಪೈಸೆಯ ಲೆಕ್ಕ, ಮನೆಯವರ ಮನಸ್ಸು: ಗಾಂಧೀಜಿಯವರ ಸಂಸಾರದಿಂದ ಕಲಿಯಬೇಕಾದ ಪಾಠ

ಸಂಸಾರದಲ್ಲಿ ಹಣದ ಚಿಂತೆಯಿಲ್ಲದ ಮನೆಯಿಲ್ಲ. ಗಳಿಕೆ ಸಾಲದೆಂಬ ಚಿಂತೆ ಒಂದಾದರೆ, ಗಳಿಸಿದ್ದು ಎಲ್ಲಿ ಹೋಯಿತೆಂದು ತಿಳಿಯದೆ ಹುಟ್ಟುವ ಚಿಂತೆ ಮತ್ತೊಂದು. ಮೊದಲನೆಯದಕ್ಕೆ ದುಡಿಮೆ ಮದ್ದು, ಎರಡನೆಯದಕ್ಕೆ ಲೆಕ್ಕ ಮದ್ದು. ಆದರೆ ಸಂಸಾರಿಗೆ ಮೂರನೆಯ ಚಿಂತೆಯೊಂದಿದೆ. ತಾನು ಹಾಕಿದ ಲೆಕ್ಕವನ್ನು ಹೆಂಡತಿ, ಮಕ್ಕಳು, ಒಡಹುಟ್ಟಿದವರು ಒಪ್ಪುವರೇ ಎಂಬುದು ಆ ಚಿಂತೆ. ಮಹಾತ್ಮ ಗಾಂಧೀಜಿಯವರ ಬದುಕನ್ನು ರಾಷ್ಟ್ರದ ಇತಿಹಾಸವಾಗಿ ನಾವೆಲ್ಲರೂ ಓದಿದ್ದೇವೆ. ಅದೇ ಬದುಕನ್ನು ಒಂದು ಮನೆಯ ಜಮಾಖರ್ಚಿನ ಪುಸ್ತಕವಾಗಿ ಓದಿದರೆ ಈ ಮೂರೂ ಚಿಂತೆಗಳಿಗೆ ಬೆಳಕು ದೊರೆಯುತ್ತದೆ.

ಮೋಹನದಾಸರು 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ದಿವಾನರಾಗಿದ್ದರೂ ಆಸ್ತಿ ಕೂಡಿಡುವ ಆಸೆ ಅವರಿಗಿರಲಿಲ್ಲ. 1885ರಲ್ಲಿ ಅವರು ತೀರಿಕೊಂಡಾಗ ಕುಟುಂಬಕ್ಕೆ ಉಳಿದದ್ದು ಸ್ವಲ್ಪವೇ. ಮೋಹನದಾಸರನ್ನು ಇಂಗ್ಲೆಂಡಿಗೆ ಕಳುಹಿಸಿ ಬ್ಯಾರಿಸ್ಟರ್ ಮಾಡಿಸಬೇಕೆಂಬ ಮಾತು ಬಂದಾಗ ಮೊದಲು ಎದ್ದ ಪ್ರಶ್ನೆ ಹಣದ್ದೇ. ಎರಡು ಮೂರು ಸಾವಿರ ರೂಪಾಯಿ ಬಾಳುವ ಪತ್ನಿಯ ಒಡವೆಗಳನ್ನು ಮಾರಬಹುದೆಂದು ಅವರೇ ಸೂಚಿಸಿದರು. ಹೇಗಾದರೂ ಹಣ ಹೊಂದಿಸುವೆನೆಂದು ಅಣ್ಣ ಲಕ್ಷ್ಮೀದಾಸರು ಭಾರ ಹೊತ್ತರು. 1888ರ ಸೆಪ್ಟೆಂಬರ್ 4ರಂದು ತಮ್ಮನು ಮುಂಬಯಿಯಿಂದ ಹಡಗು ಹತ್ತಿದಾಗ ಕಸ್ತೂರಬಾ ಅವರ ಮಡಿಲಲ್ಲಿ ಕೆಲವೇ ತಿಂಗಳ ಕೂಸಿತ್ತು.

ಲಂಡನ್ನಿನಲ್ಲಿ ಆ ಯುವಕನನ್ನು ಮೊದಲು ಸೆಳೆದದ್ದು ಆಡಂಬರ. ಸಭ್ಯ ಸಮಾಜದಲ್ಲಿ ಸಲ್ಲಬೇಕೆಂಬ ಹಂಬಲದಿಂದ 19 ಶಿಲಿಂಗಿನ ಟೊಪ್ಪಿಗೆ ಬಂತು, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸಂಜೆಯುಡುಪು ಹೊಲಿಸಿದ್ದಾಯಿತು. ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಣಿ ಊರಿನಲ್ಲಿದ್ದ ಅಣ್ಣನಿಂದಲೇ ಬಂತು. ನೃತ್ಯ ಕಲಿಯಲು 3 ಪೌಂಡು, ಪಿಟೀಲಿಗೆ ಇನ್ನೊಂದು 3 ಪೌಂಡು, ಭಾಷಣಕಲೆಗೆ ಒಂದು ಗಿನಿ ವ್ಯಯವಾದವು. ಸುಮಾರು ಮೂರು ತಿಂಗಳಲ್ಲಿ ಈ ಮೋಹ ಕಳಚಿತು. ತಾನು ಬಂದಿರುವುದು ಓದಲು, ಬಾಳಬೇಕಾಗಿರುವುದು ತನ್ನ ದೇಶದಲ್ಲಿ ಎಂಬ ಅರಿವು ಮೂಡಿ ಪಿಟೀಲು ಮಾರಾಟವಾಯಿತು.

ಆ ಮೋಹದ ನಡುವೆಯೂ ಅವರು ಬಿಡದ ಅಭ್ಯಾಸವೊಂದಿತ್ತು. ಬಸ್ಸಿನ ದರ, ಅಂಚೆಚೀಟಿ, ಪತ್ರಿಕೆಗೆ ತೆತ್ತ ಬಿಡಿಗಾಸು ಎಲ್ಲವನ್ನೂ ಬರೆದಿಟ್ಟು, ಪ್ರತಿರಾತ್ರಿ ಮಲಗುವ ಮುನ್ನ ಶಿಲ್ಕು ತಾಳೆ ನೋಡುತ್ತಿದ್ದರು. ಬರೆದದ್ದನ್ನು ಓದಿಕೊಂಡಾಗ ಯಾವುದು ಅಗತ್ಯ, ಯಾವುದು ರೂಢಿ ಎಂಬುದು ತಾನಾಗಿ ಗೋಚರಿಸಿತು. ಬೇರೊಂದು ಕುಟುಂಬದೊಡನೆ ವಾಸಿಸುತ್ತಿದ್ದುದರಿಂದ ವಾರವಾರವೂ ನಿಗದಿಯಾದ ಹಣ ಕೊಡಬೇಕಿತ್ತು. ಸೌಜನ್ಯಕ್ಕಾಗಿ ಮನೆಯವರನ್ನು ಊಟಕ್ಕೆ ಕರೆದೊಯ್ದರೆ ಗಾಡಿಯ ಖರ್ಚೂ ಸೇರುತ್ತಿತ್ತು. ಆದ್ದರಿಂದ ಸ್ವಂತಕ್ಕೆ ಎರಡು ಕೋಣೆಗಳನ್ನು ಹಿಡಿದರು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದಾದ ಕಡೆ ಮನೆ ಹುಡುಕಿದ್ದರಿಂದ ಗಾಡಿಯ ದರ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡೆದು ಮೈಯೂ ಗಟ್ಟಿಯಾಯಿತು. ಬಳಿಕ ಎರಡು ಕೋಣೆ ಒಂದಾಯಿತು. ಒಂದು ಒಲೆ ಕೊಂಡು ಬೆಳಗಿನ ಓಟ್ಸ್ ಗಂಜಿಯನ್ನೂ ಕೋಕೋವನ್ನೂ ತಾವೇ ಮಾಡಿಕೊಳ್ಳತೊಡಗಿದರು; ಅದಕ್ಕೆ ತಗಲುತ್ತಿದ್ದುದು ಇಪ್ಪತ್ತು ನಿಮಿಷ. ಊಟ ತಿಂಡಿಯ ಖರ್ಚು ದಿನಕ್ಕೆ 1 ಶಿಲಿಂಗ್ 3 ಪೆನ್ನಿಗೆ ಇಳಿಯಿತು. ಕೇಳಿದಾಗಲೆಲ್ಲ ಹಣ ಕಳುಹಿಸುತ್ತಿದ್ದ ಅಣ್ಣನ ಕಷ್ಟ ನೆನಪಾಗಿ ನೊಂದ ಮನಸ್ಸೇ ಈ ಮಿತವ್ಯಯದ ಮೂಲ. ಅವರ ಮೊದಲ ಉಳಿತಾಯ ಪ್ರೀತಿಯಿಂದ ಹುಟ್ಟಿತೆಂಬುದನ್ನು ನಾವು ಮರೆಯಬಾರದು.

1891ರಲ್ಲಿ ಬ್ಯಾರಿಸ್ಟರಾಗಿ ಮರಳಿದಾಗ ಕಥೆ ತಿರುವು ಪಡೆಯಿತು. ಒಬ್ಬಂಟಿಯಾಗಿ ಗೆದ್ದ ಖರ್ಚು ಕುಟುಂಬದಲ್ಲಿ ಕೈಮೀರಿತು. ತಮ್ಮನಿಂದ ಮನೆಯ ಸಿರಿ ಬೆಳೆಯುವುದೆಂದು ನಂಬಿದ್ದ ಅಣ್ಣ ಮೊದಲೇ ಕೈಬಿಚ್ಚಿ ಖರ್ಚು ಮಾಡತೊಡಗಿದ್ದರು. ಚಹಾ, ಕಾಫಿ, ಪಿಂಗಾಣಿ ಪಾತ್ರೆಗಳು ಮನೆ ಹೊಕ್ಕವು. ತಮ್ಮ ಪಾಲಿಗೆ ಗಾಂಧೀಜಿಯವರು ಓಟ್ಸ್ ಗಂಜಿ, ಕೋಕೋ, ಯುರೋಪಿನ ಉಡುಪುಗಳನ್ನು ಸೇರಿಸಿದರು. ಬಾಗಿಲಿಗೆ ಬಿಳಿಯಾನೆ ಕಟ್ಟಿದಂತಾಯಿತು. ಮೇವು ಮಾತ್ರ ಇರಲಿಲ್ಲ. ಮುಂಬಯಿಯಲ್ಲಿ 30 ರೂಪಾಯಿ ಶುಲ್ಕದ ಮೊದಲ ಮೊಕದ್ದಮೆಯಲ್ಲಿ ಎದ್ದು ನಿಂತವರಿಗೆ ಮಾತೇ ಹೊರಡಲಿಲ್ಲ. 75 ರೂಪಾಯಿ ಸಂಬಳದ ಶಿಕ್ಷಕ ವೃತ್ತಿಯೂ ಪದವೀಧರರಲ್ಲವೆಂದು ಕೈತಪ್ಪಿತು. ರಾಜಕೋಟೆಯಲ್ಲಿ ಅರ್ಜಿಗಳನ್ನು ಬರೆದುಕೊಟ್ಟು ತಿಂಗಳಿಗೆ ಸುಮಾರು 300 ರೂಪಾಯಿ ಗಳಿಸುವ ಸ್ಥಿತಿ ಬಂದಾಗ ಸಂಸಾರ ಉಸಿರಾಡಿತು.

1893ರಲ್ಲಿ ವ್ಯಾಪಾರಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಗಾಗಿ, ಪ್ರಯಾಣದ ಖರ್ಚು ಮತ್ತು 105 ಪೌಂಡುಗಳ ಸಂಭಾವನೆಗೆ ಅವರು ದಕ್ಷಿಣ ಆಫ್ರಿಕಾಕ್ಕೆ ತೆರಳಿದರು. ಹತ್ತಿರದ ಬಂಧುಗಳಿಬ್ಬರ ನಡುವಣ ಆ ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಒಪ್ಪಿಸಿದರು. ತೀರ್ಪಿನಂತೆ ಸೋತವರು 37,000 ಪೌಂಡು ಮತ್ತು ವೆಚ್ಚವನ್ನು ಕೊಡಬೇಕಾಯಿತು. ಒಮ್ಮೆಗೇ ಕೊಟ್ಟರೆ ಅವರು ದಿವಾಳಿಯಾಗುವುದು ಖಚಿತವಿತ್ತು. ದೀರ್ಘಕಾಲದ ಕಂತುಗಳಲ್ಲಿ ಸ್ವೀಕರಿಸುವಂತೆ ಗೆದ್ದವರನ್ನು ಗಾಂಧೀಜಿಯವರು ಬಹು ಕಷ್ಟದಿಂದ ಒಪ್ಪಿಸಿದರು. ಸಾಲವೂ ತೀರಿತು, ನೆಂಟಸ್ತಿಕೆಯೂ ಉಳಿಯಿತು. ಅನ್ಯರ ಮನೆಯಲ್ಲಿ ಅವರು ತೋರಿದ ಈ ಸಮಾಧಾನ ಸ್ವಂತ ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ.

ಲೆಕ್ಕದ ಶಿಸ್ತು ಸಾರ್ವಜನಿಕ ಹಣಕ್ಕೂ ವ್ಯಾಪಿಸಿತು. 1894ರಲ್ಲಿ ಸ್ಥಾಪನೆಯಾದ ನಟಾಲ್ ಇಂಡಿಯನ್ ಕಾಂಗ್ರೆಸ್ಸಿಗೆ ಜನರು ರಸೀದಿ ಬೇಡವೆಂದರೂ ಕೊಟ್ಟೇ ತೀರುತ್ತಿದ್ದರು. ಮನೆಯಲ್ಲಿ ಅಗಸನ ಬಿಲ್ಲು ಭಾರವೆನಿಸಿದಾಗ ಪುಸ್ತಕ ತಂದು ಬಟ್ಟೆ ಒಗೆಯುವ ವಿದ್ಯೆ ಕಲಿತು, ಪತ್ನಿಗೂ ಕಲಿಸಿದರು.

1901ರಲ್ಲಿ ಸ್ವದೇಶಕ್ಕೆ ಹೊರಟಾಗ ನಟಾಲಿನ ಭಾರತೀಯರು ಅವರಿಗೆ ಚಿನ್ನ, ಬೆಳ್ಳಿ, ವಜ್ರದ ಉಡುಗೊರೆಗಳನ್ನಿತ್ತರು. ಅವುಗಳಲ್ಲಿ 50 ಗಿನಿ ಬೆಲೆಯ ಚಿನ್ನದ ಕಂಠೀಹಾರ ಕಸ್ತೂರಬಾ ಅವರಿಗಾಗಿ ಬಂದದ್ದು. ಸೇವೆಗೆ ಪ್ರತಿಫಲ ಸಲ್ಲದೆಂದು ರಾತ್ರಿಯಿಡೀ ನಿದ್ರೆಗೆಟ್ಟು ಯೋಚಿಸಿದ ಗಾಂಧೀಜಿಯವರು, ಎಲ್ಲವನ್ನೂ ಸಮಾಜದ ಕಾರ್ಯಕ್ಕೆಂದು ನ್ಯಾಸವೊಂದಕ್ಕೆ ಒಪ್ಪಿಸಲು ನಿರ್ಧರಿಸಿದರು. ಆದರೆ ಪತ್ನಿಯ ಎದುರು ನಿಲ್ಲುವ ಮೊದಲು ಮಕ್ಕಳನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಂಡರು. ಕಸ್ತೂರಬಾ ಅವರು ಕಣ್ಣೀರಿಟ್ಟು ವಾದಿಸಿದರು. ನಾಳೆ ಬರುವ ಸೊಸೆಯರಿಗೆ ಒಡವೆ ಬೇಡವೇ, ತನ್ನ ಒಡವೆಗಳನ್ನೂ ಹಿಂದೆಯೇ ತೆಗೆದುಕೊಂಡವರು ಇವರಲ್ಲವೇ ಎಂದು ಕೇಳಿದರು. ಪತಿ ಮಾಡಿದ ಸೇವೆಯಲ್ಲಿ ಹಗಲಿರುಳು ದುಡಿದ ತನ್ನ ಪಾಲೂ ಉಂಟೆಂದು ನೆನಪಿಸಿದರು. ಕೊನೆಗೆ ಪತಿಯ ಮಾತೇ ನಡೆಯಿತು. 1896ರ ಮತ್ತು 1901ರ ಉಡುಗೊರೆಗಳೆಲ್ಲ ನ್ಯಾಸಕ್ಕೆ ಸಂದವು. ನ್ಯಾಸದ ನಿರ್ಧಾರ ಪವಿತ್ರವಾದದ್ದೇ. ಆದರೆ ಮನೆಯಾಕೆ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯಿತೆಂದು ಹೇಳಲಾಗದು. ಆಕೆಯ ದುಡಿಮೆ ಯಾವ ಜಮಾಖರ್ಚಿನಲ್ಲೂ ನಮೂದಾಗಿರಲಿಲ್ಲ.

ಮುಂಬಯಿಗೆ ಬಂದ ಮೇಲೆ ವಿಮಾ ಪ್ರತಿನಿಧಿಯೊಬ್ಬನ ಮಾತಿಗೆ ಮರುಳಾಗಿ, ಕುಟುಂಬದ ಭವಿಷ್ಯಕ್ಕೆಂದು 10,000 ರೂಪಾಯಿಯ ಪಾಲಿಸಿ ಮಾಡಿಸಿದರು. ಮತ್ತೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಮನಸ್ಸು ಬದಲಾಗಿ, ಅದು ಹೆಂಡತಿ ಮಕ್ಕಳ ಸ್ವಾವಲಂಬನೆಯನ್ನು ಕಸಿಯುವುದೆಂದು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಈವರೆಗಿನ ಉಳಿತಾಯವೆಲ್ಲ ನಿಮಗೇ ಸಂದಿದೆ, ಇನ್ನು ಮುಂದೆ ಉಳಿದದ್ದು ಸಮಾಜಕ್ಕೆ ಎಂಬರ್ಥದ ಪತ್ರ ಅಣ್ಣನಿಗೆ ಹೋಯಿತು. ಸಾಲ ಮಾಡಿ ಓದಿಸಿದ ಅಣ್ಣನಿಗೆ ಅದು ಆಘಾತ. ತಂದೆಗಿಂತ ನೀನು ಬುದ್ಧಿವಂತನಾದೆಯಾ ಎಂಬ ಭಾವದಲ್ಲಿ ಕಟುವಾಗಿ ಬರೆದು ಅವರು ಪತ್ರ ವ್ಯವಹಾರವನ್ನೇ ಬಹುಮಟ್ಟಿಗೆ ನಿಲ್ಲಿಸಿದರು.

ಜೋಹಾನ್ಸ್‌ಬರ್ಗಿನಲ್ಲಿ ಗಳಿಕೆ ಹೆಚ್ಚಿದಂತೆ ಖರ್ಚಿನ ದಾರಿಯೂ ಬೆಳೆಯಿತು. ‘ಇಂಡಿಯನ್ ಒಪಿನಿಯನ್’ ಪತ್ರಿಕೆಗೆ ಒಂದು ಕಾಲದಲ್ಲಿ ತಿಂಗಳಿಗೆ 75 ಪೌಂಡು ಕಳುಹಿಸಬೇಕಾಗುತ್ತಿತ್ತು. ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಅವರೇ ಒಮ್ಮೆ ಎಡವಿದ್ದೂ ಉಂಟು. ಪರಿಚಿತ ಮಹಿಳೆಯೊಬ್ಬರ ಸಸ್ಯಾಹಾರಿ ಹೋಟೆಲಿಗೆ, ಕಕ್ಷಿದಾರನೊಬ್ಬ ನಂಬಿ ಇಟ್ಟಿದ್ದ ಹಣದಿಂದ, ಅವನ ಒಪ್ಪಿಗೆ ಪಡೆದು, 1,000 ಪೌಂಡು ಕೊಡಿಸಿದರು. ಎರಡು ಮೂರು ತಿಂಗಳಲ್ಲೇ ಆ ಹಣ ಮರಳದೆಂದು ತಿಳಿಯಿತು. ಅಷ್ಟನ್ನೂ ತಮ್ಮ ಕೈಯಿಂದಲೇ ತುಂಬಿಕೊಟ್ಟರು. ಒಳ್ಳೆಯ ಉದ್ದೇಶಕ್ಕೂ ಪರರ ಹಣದಿಂದ ಸಾಹಸ ಮಾಡಬಾರದೆಂಬ ಪಾಠಕ್ಕೆ ಅವರು ತೆತ್ತ ಬೆಲೆ ಅದು.

ಅದೇ ಊರಿನ ಮನೆಯಲ್ಲಿ ಹಿಟ್ಟಿಗಾಗಿ 7 ಪೌಂಡು ಕೊಟ್ಟು ಕೈಬೀಸುವ ಯಂತ್ರವೊಂದನ್ನು ತಂದರು. ಅದರ ಕಬ್ಬಿಣದ ಚಕ್ರ ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಗಾಂಧೀಜಿ, ಗೆಳೆಯ ಪೋಲಾಕ್, ಮಕ್ಕಳು ಸೇರಿ ಬೀಸುತ್ತಿದ್ದರು. ಆಗಾಗ ಕಸ್ತೂರಬಾ ಅವರೂ ಕೈಗೂಡಿಸುತ್ತಿದ್ದರು. 1904ರಲ್ಲಿ ಡರ್ಬನ್ನಿನ ಬಳಿ 1,000 ಪೌಂಡಿಗೆ ನೂರು ಎಕರೆ ಭೂಮಿ ಕೊಂಡು ಫೀನಿಕ್ಸ್ ನೆಲೆಯನ್ನು ಕಟ್ಟಿದಾಗ ಅಲ್ಲಿ ದುಡಿಯುವವರಿಗೆಲ್ಲ ತಿಂಗಳಿಗೆ 3 ಪೌಂಡೆಂಬ ಸಮಾನ ನಿಯಮ ಮಾಡಿದರು.

ಸರಳತೆಯ ಈ ವ್ರತಕ್ಕೆ ಮನೆಯವರೆಲ್ಲರೂ ಮನಸಾರೆ ಒಪ್ಪಿರಲಿಲ್ಲ. ಹಿರಿಯ ಮಗ ಹರಿಲಾಲರಿಗೆ ತಂದೆಯಂತೆ ಇಂಗ್ಲೆಂಡಿನಲ್ಲಿ ಓದುವ ಆಸೆಯಿತ್ತು. ಸ್ನೇಹಿತರೊಬ್ಬರು ನೀಡಿದ ವಿದ್ಯಾರ್ಥಿವೇತನವನ್ನು ತಂದೆ ಮಗನಿಗೆ ಕೊಡದೆ ಬೇರೆಯವರಿಗೆ ಸಲ್ಲಿಸಿದರು. 1911ರಲ್ಲಿ ಮಗ ಮನೆ ಬಿಟ್ಟು ಹೊರಟರು. ಆ ಬಾಂಧವ್ಯ ಮುಂದೆ ಪೂರ್ತಿಯಾಗಿ ಕೂಡಲಿಲ್ಲ. ಭಾರತಕ್ಕೆ ಮರಳಿದ ಎಷ್ಟೋ ವರ್ಷಗಳ ನಂತರ, 1929ರಲ್ಲಿ, ಅಪರಿಚಿತರು ಕೊಟ್ಟ ನಾಲ್ಕು ರೂಪಾಯಿಯನ್ನು ಕಸ್ತೂರಬಾ ಅವರು ಆಶ್ರಮದ ಲೆಕ್ಕಕ್ಕೆ ಸೇರಿಸದೆ ಇಟ್ಟುಕೊಂಡಾಗ ಗಾಂಧೀಜಿಯವರು ಅದನ್ನು ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ತಮ್ಮವರ ತಪ್ಪನ್ನು ಮರೆಮಾಚದ ಆ ನಿಷ್ಠೆಗೆ ನಾವು ತಲೆಬಾಗುತ್ತೇವೆ. ನಾಲ್ಕು ರೂಪಾಯಿಗಾಗಿ ಊರಿಗೆಲ್ಲ ವಿಷಯವಾದ ಆ ತಾಯಿಯ ನೋವನ್ನೂ ನೆನೆಯುತ್ತೇವೆ.

ಅಣ್ಣ ತಮ್ಮಂದಿರ ಲೆಕ್ಕ ಮಾತ್ರ ಬೇರೆ ರೀತಿ ಮುಗಿಯಿತು. ಬದುಕಿನ ಸಂಜೆಯಲ್ಲಿ ಲಕ್ಷ್ಮೀದಾಸರಿಗೆ ತಮ್ಮನ ದಾರಿ ಸರಿಯೆನಿಸಿತು. ಕ್ಷಮೆ ಕೋರಿ ಮನಕಲಕುವಂತಹ ಪತ್ರ ಬರೆದು, ತಮ್ಮ ಮಕ್ಕಳನ್ನು ತಮ್ಮನಿಗೇ ಒಪ್ಪಿಸಿದರು. ದಕ್ಷಿಣ ಆಫ್ರಿಕಾಕ್ಕೆ ಬಂದು ಕಾಣುವ ಆಸೆಯನ್ನು ತಂತಿಯಲ್ಲಿ ತಿಳಿಸಿದರು. ಆ ಭೇಟಿ ಕೂಡಿಬರಲಿಲ್ಲ. 1914ರಲ್ಲಿ ಅಣ್ಣ ತೀರಿಕೊಂಡರು.

ಈ ಬದುಕಿನಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ರಾತ್ರಿ ಮಲಗುವ ಮುನ್ನ ಆ ದಿನದ ಖರ್ಚನ್ನು ಬರೆದಿಡುವುದು. ಬರೆಯದ ಖರ್ಚು ಸೋರುವ ಮಡಕೆಯ ನೀರಿದ್ದಂತೆ. ಇಂದು ಕೈಯಲ್ಲಿರುವ ಮೊಬೈಲಿನಿಂದ ಹಣ ಕಾಣದಂತೆ ಹರಿದುಹೋಗುವ ಕಾಲದಲ್ಲಿ ಈ ಅಭ್ಯಾಸ ಇನ್ನಷ್ಟು ಅಗತ್ಯ. ಎರಡನೆಯದು, ಬರೆದದ್ದನ್ನು ಮನೆಯವರೆಲ್ಲ ಕುಳಿತು ಓದುವುದು. ಏನನ್ನು ಬಿಡಬೇಕು, ಯಾವ ಕೊಡುಗೆ ನೀಡಬೇಕು, ಯಾವ ಸಾಲಕ್ಕೆ ಹೊಣೆಯಾಗಬೇಕು ಎಂಬುದನ್ನು ಯಜಮಾನನೊಬ್ಬನೇ ತೀರ್ಮಾನಿಸಿ ಉಳಿದವರನ್ನು ಒಪ್ಪಿಸಹೊರಟರೆ, ಹಣ ಉಳಿದೀತು, ಮನಸ್ಸು ಮುರಿದೀತು. ಅಡುಗೆ ಮನೆಯಲ್ಲಿ ದುಡಿಯುವವರ ಶ್ರಮವೂ ಜಮೆಯ ಕಡೆಗೆ ಬರೆಯಬೇಕಾದ ಬಾಬತ್ತೇ. ಮಕ್ಕಳ ಆಸೆಯನ್ನು ಈಡೇರಿಸಲಾಗದಿದ್ದರೂ ಕಾರಣವನ್ನು ಅವರ ಮುಂದಿಟ್ಟು, ಅವರ ಮಾತನ್ನು ಕೇಳಬೇಕು. ಮುನಿದ ಬಂಧುವಿಗೆ ಬರೆಯಬೇಕಾದ ಪತ್ರವನ್ನು ನಾಳೆಗೆ ತಳ್ಳಬಾರದು. ಕಬ್ಬಿಣದ ಆ ಬೀಸುವ ಚಕ್ರದಂತೆ ಸಂಸಾರದ ಲೆಕ್ಕವೂ ಒಬ್ಬರಿಗೆ ಭಾರ, ಕೈಗೂಡಿಸಿದರೆ ಹಗುರ.