ದೇಶದ ಲೆಕ್ಕ ಬರೆದ ದಾದಾಭಾಯಿ ನವರೋಜಿ

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಲೋಕಲ್ ರೈಲಿನಿಂದ ಇಳಿದು ಫ್ಲೋರಾ ಫೌಂಟನ್ ಕಡೆಗೆ ನಡೆಯುವ ಮುಂಬಯಿ ಕನ್ನಡಿಗರಿಗೆ ಡಿ. ಎನ್. ರೋಡ್ ಹೊಸತಲ್ಲ. ಫೋರ್ಟ್‌ನ ಹೊಟೇಲು, ಕ್ಯಾಂಟೀನುಗಳಲ್ಲಿ ಹಗಲು ದುಡಿದು ಇದೇ ಪರಿಸರದ ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿರಿಯರು ಅದೆಷ್ಟೋ ಮಂದಿ. ಅಂಧೇರಿಯವರಿಗೆ ಡಿ. ಎನ್. ನಗರವೂ ಪರಿಚಿತ. ಆ ಎರಡು ಅಕ್ಷರಗಳ ಹಿಂದಿರುವ ದಾದಾಭಾಯಿ ನವರೋಜಿ ಅವರು ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದ ಭಾರತೀಯ ನೇತಾರರೆಂದು ಎಲ್ಲರೂ ಬಲ್ಲರು. ಆದರೆ ಭಾರತೀಯರ ತಲಾ ಆದಾಯವನ್ನು ಮೊದಲು ಲೆಕ್ಕ ಹಾಕಿ, ದೇಶದ ಸಂಪತ್ತು ಹೊರಗೆ ಹರಿಯುವ ಬಗೆಯನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರೂ ಅವರೇ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

1825ರ ಸೆಪ್ಟೆಂಬರ್ 4ರಂದು ಬಡ ಪಾರ್ಸಿ ಪುರೋಹಿತ ಕುಟುಂಬದಲ್ಲಿ ಜನಿಸಿದ ದಾದಾಭಾಯಿ ನಾಲ್ಕನೇ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಓದು ಬಾರದ ತಾಯಿ ಮಾಣೆಕ್‌ಬಾಯಿ ಅವರು ಮಗನನ್ನು ಓದಿಸಿದರು. ಉಚಿತ ಶಿಕ್ಷಣ ಸಿಕ್ಕಿದ್ದರಿಂದ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಕಲಿತು, 1850ರ ದಶಕದಲ್ಲಿ ಅಲ್ಲೇ ಗಣಿತದ ಪ್ರಾಧ್ಯಾಪಕರಾದರು. ಆ ಸಂಸ್ಥೆಯಲ್ಲಿ ಈ ಹುದ್ದೆಗೇರಿದ ಮೊದಲ ಭಾರತೀಯ ಅವರು. ತನ್ನ ಓದಿನ ಖರ್ಚು ಬಡವರ ತೆರಿಗೆಯಿಂದ ಬಂದದ್ದು, ಆ ಋಣ ತೀರಿಸಬೇಕು ಎಂಬ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1849ರಲ್ಲಿ ಸ್ನೇಹಿತರೊಂದಿಗೆ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು. 1851ರಲ್ಲಿ ರಾಸ್ತ್ ಗೋಫ್ತಾರ್ ಎಂಬ ಗುಜರಾತಿ ಪತ್ರಿಕೆ ಹೊರಡಿಸಿದರು.

1855ರಲ್ಲಿ ಕಾಮಾ ಕಂಪೆನಿಯ ಪಾಲುದಾರರಾಗಿ ಲಂಡನ್ನಿಗೆ ತೆರಳಿದರು. ಅಫೀಮು, ಮದ್ಯದ ವ್ಯವಹಾರದ ಲಾಭ ತನಗೆ ಬೇಡವೆಂದು ಅದರಿಂದ ಹೊರಬಂದು, 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ಹೂಡಿದರು. ಅಮೆರಿಕದ ಅಂತರ್ಯುದ್ಧದಿಂದ ಮುಂಬಯಿ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದಾಗ ನೆಲಕಚ್ಚಿತು. ಆ ಕುಸಿತದ ಪೆಟ್ಟು ಅವರಿಗೂ ತಗಲಿತು. ದೂರದೇಶದ ಘಟನೆ ಇಲ್ಲಿನ ರೈತನ, ವರ್ತಕನ ಬದುಕನ್ನು ಅಲುಗಾಡಿಸುವ ಬಗೆ ಅವರಿಗೆ ಸ್ವಾನುಭವವಾಯಿತು.

ಭಾರತ ಆಮದಿಗಿಂತ ಹೆಚ್ಚು ರಫ್ತು ಮಾಡುತ್ತಿದೆ, ಆದ್ದರಿಂದ ಅದು ಅಭಿವೃದ್ಧಿಯ ಹಾದಿಯಲ್ಲಿದೆ ಎಂಬುದು ಆಳುವವರ ವಾದವಾಗಿತ್ತು. ವರ್ತಕರಾದ ದಾದಾಭಾಯಿ ಅದೇ ಅಂಕಿಗಳನ್ನು ಬೇರೆ ರೀತಿಯಲ್ಲಿ ಓದಿದರು. ಸರಕು ಮಾರಿದವನಿಗೆ ಅದರ ಬೆಲೆಯೂ ಲಾಭವೂ ಹಿಂದಿರುಗಬೇಕು. ಒಳಬಂದ ಚಿನ್ನ, ಬೆಳ್ಳಿಯನ್ನು ಸೇರಿಸಿ ನೋಡಿದರೂ ಭಾರತಕ್ಕೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ವ್ಯತ್ಯಾಸದ ಹಣ ಅಧಿಕಾರಿಗಳ ಉಳಿತಾಯ ಮತ್ತು ಪಿಂಚಣಿ, ಲಂಡನ್ ಕಚೇರಿಯ ವೆಚ್ಚ, ಸಾಲದ ಬಡ್ಡಿಯ ರೂಪದಲ್ಲಿ ಇಂಗ್ಲೆಂಡಿನಲ್ಲೇ ಉಳಿಯುತ್ತಿತ್ತು. ಭಾರತದ ಕಂದಾಯದ ಸುಮಾರು ಕಾಲುಭಾಗ ಹೀಗೆ ಹೊರಹೋಗುತ್ತಿದೆ ಎಂದು 1867ರಲ್ಲಿ ಅವರು ಲಂಡನ್ನಿನಲ್ಲಿ ಸಾರಿದರು. ಇದೇ ಮುಂದೆ ಸಂಪತ್ತಿನ ಸೋರಿಕೆ ಸಿದ್ಧಾಂತವೆಂದು ಹೆಸರಾಯಿತು.

ಹಾಗಾದರೆ ಜನರ ಕೈಯಲ್ಲಿ ಉಳಿಯುವುದೆಷ್ಟು? ಸರಕಾರದ ಬಳಿ ಸಿದ್ಧ ಉತ್ತರವಿರಲಿಲ್ಲ. ಪ್ರಾಂತ್ಯವಾರು ಬಿತ್ತನೆ, ಇಳುವರಿ, ಧಾರಣೆಗಳನ್ನು ಕಲೆಹಾಕಿ ಅವರೇ ಲೆಕ್ಕ ಮಾಡಿದರು. ಲಕ್ಷ ಎಕರೆ ಬಿತ್ತಿದ ಜಿಲ್ಲೆಗೂ ಸಾವಿರ ಎಕರೆಯ ಜಿಲ್ಲೆಗೂ ಸಮಾನ ತೂಕ ಕೊಟ್ಟು ಸರಾಸರಿ ತೆಗೆಯುತ್ತಿದ್ದ ಸರಕಾರಿ ವರದಿಗಳ ತಪ್ಪನ್ನು ಎತ್ತಿ ತೋರಿಸಿದರು. 1867-68ರ ತಲಾ ಆದಾಯ ವರ್ಷಕ್ಕೆ ಸುಮಾರು 20 ರೂಪಾಯಿ ಎಂಬುದು ಅವರ ಅಂದಾಜು. ಜೈಲಿನ ಕೈದಿಗಳ ಊಟ, ಬಟ್ಟೆಯ ವೆಚ್ಚವನ್ನೂ ಪರಿಶೀಲಿಸಿ, ಬದುಕಲು ಪ್ರಾಂತ್ಯಕ್ಕೆ ತಕ್ಕಂತೆ 16ರಿಂದ 35 ರೂಪಾಯಿ ಬೇಕೆಂದು ತೋರಿಸಿದರು. ಹಲವೆಡೆ ಪ್ರಜೆಯ ಗಳಿಕೆ ಕೈದಿಯ ಖರ್ಚಿಗೂ ಸಾಲುತ್ತಿರಲಿಲ್ಲ.

ಭಾರತದ ಬಡತನ ಕುರಿತ ಈ ಪ್ರಬಂಧವನ್ನು ಮುಂಬಯಿಯಲ್ಲಿ ಮಂಡಿಸಿದ್ದು 1876ರಲ್ಲಿ. ಅದೇ ವರ್ಷ ಆರಂಭವಾದ ಭೀಕರ ಕ್ಷಾಮ ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಧಾತು ವರ್ಷದ ಬರವಾಗಿ ಕಾಡಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದಾದಾಭಾಯಿಯವರ ಅಂಕಿಗಳು ಬರಿಯ ಕಾಗದದ ಲೆಕ್ಕವಾಗಿರಲಿಲ್ಲ.

ಸರಕಾರವೂ ಲೆಕ್ಕಕ್ಕಿಳಿಯಬೇಕಾಯಿತು. 1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ 27 ರೂಪಾಯಿ ಎಂದರು; 1901ರಲ್ಲಿ ಲಾರ್ಡ್ ಕರ್ಜನ್ 30 ರೂಪಾಯಿ ಎಂದರು. ದಾದಾಭಾಯಿ ಸೇವಾ ವೃತ್ತಿಗಳ ಆದಾಯವನ್ನು ಸೇರಿಸಿರಲಿಲ್ಲವೆಂಬ ಆಕ್ಷೇಪ ಸರಿಯಾದುದೇ. ಆದರೆ ಸರಕಾರದ ಅಂಕಿಯನ್ನೇ ಒಪ್ಪಿದರೂ ಬಡತನ ಮುಚ್ಚುವಂತಿರಲಿಲ್ಲ.

1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಕೇವಲ 5 ಮತಗಳ ಅಂತರದಲ್ಲಿ ಗೆದ್ದು ಪಾರ್ಲಿಮೆಂಟ್ ಪ್ರವೇಶಿಸಿದರು. 1895ರಲ್ಲಿ ಸೋತರೂ, ಭಾರತದ ವೆಚ್ಚದ ತನಿಖೆಗೆ ನೇಮಿಸಿದ ವೆಲ್ಬಿ ಆಯೋಗದಲ್ಲಿ ಸದಸ್ಯರಾಗಿ ವಾದ ಮುಂದುವರಿಸಿದರು. 1886, 1893, 1906ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ದಶಕಗಳ ಮನವಿಗೆ ಸೂಕ್ತ ಸ್ಪಂದನ ಸಿಗದಾಗ, 81ರ ವಯಸ್ಸಿನಲ್ಲಿ ಕಲ್ಕತ್ತಾ ಅಧಿವೇಶನದಲ್ಲಿ ಸ್ವರಾಜ್ಯವೇ ಗುರಿಯೆಂದು ಘೋಷಿಸಿದರು. ಕೊನೆಯ ವರ್ಷಗಳನ್ನು ವರ್ಸೋವಾದಲ್ಲಿ ಕಳೆದು, 1917ರ ಜೂನ್ 30ರಂದು ನಿಧನರಾದರು.

ಅವರು ಆರಂಭಿಸಿದ ಲೆಕ್ಕವನ್ನು ಮುಂದೆ ವಿ. ಕೆ. ಆರ್. ವಿ. ರಾವ್ ಶಾಸ್ತ್ರೀಯವಾಗಿ ಬೆಳೆಸಿದರು. 1949ರ ರಾಷ್ಟ್ರೀಯ ಆದಾಯ ಸಮಿತಿಯ ಸದಸ್ಯರಾಗಿದ್ದ ರಾವ್, ಬಳ್ಳಾರಿಯ ಸಂಸದರೂ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸ್ಥಾಪಕರೂ ಆಗಿದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಇಂದು ದೇಶದೊಳಗೆ ಉತ್ಪಾದನೆಯಾದದ್ದನ್ನು ಜಿಡಿಪಿ ಎನ್ನುತ್ತೇವೆ. ವಿದೇಶಕ್ಕೆ ಹೋಗುವ ಬಡ್ಡಿ, ಲಾಭಾಂಶ ಕಳೆದು, ಅಲ್ಲಿಂದ ಬರುವ ಅಂಥ ಗಳಿಕೆ ಕೂಡಿಸಿದರೆ ರಾಷ್ಟ್ರೀಯ ಆದಾಯ. ಜಾಗತೀಕರಣದ ಈ ಕಾಲದಲ್ಲಿ ಇವೆರಡರ ಅಂತರವನ್ನು ಗಮನಿಸಬೇಕಾದದ್ದು ಅಗತ್ಯ. ವಿದೇಶದಲ್ಲಿ ದುಡಿಯುವವರು ಊರಿಗೆ ಕಳುಹಿಸುವ ಹಣವನ್ನೂ, 2022ರಲ್ಲಿ 100 ಶತಕೋಟಿ ಡಾಲರ್ ಮೀರಿದ ಆ ಮೊತ್ತವನ್ನೂ, ಫೋರ್ಟ್‌ನಲ್ಲೇ ಇರುವ ರಿಸರ್ವ್ ಬ್ಯಾಂಕ್ ದಾಖಲಿಸುತ್ತದೆ. ನಮ್ಮ ಸಂಘಗಳ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾದಾಗ ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಉಳಿದದ್ದೆಷ್ಟು ಎಂದು ಸದಸ್ಯರು ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಇಡೀ ದೇಶದ ಪರವಾಗಿ ಕೇಳಿದ ಹಿರಿಯರ ಪ್ರತಿಮೆ ಫ್ಲೋರಾ ಫೌಂಟನ್ ಬಳಿ ಇದೆ. ಆ ದಾರಿಯಲ್ಲಿ ಹೋಗುವಾಗ ಒಂದು ಕ್ಷಣ ನಿಂತು ಅವರನ್ನು ಸ್ಮರಿಸೋಣ.