ಆಟದ ರೈಲಿಗೆ ಕರೆಂಟು ಕೊಟ್ಟ ಕೋವನ್

ಕರಣಕೋಟ: ತಾಂಡೂರಿನಿಂದ ವಾಡಿ ಕಡೆ ಹೋಗುವ ರೈಲು ಮಾರ್ಗ 1874ರಿಂದ ಇದೆ. ಸಿಮೆಂಟು, ಫರ್ಸಿ ಕಲ್ಲು ಸಾಗಿಸುವ ಗೂಡ್ಸ್ ಗಾಡಿಗಳನ್ನು ನೋಡುತ್ತಲೇ ನಮ್ಮ ಭಾಗದ ಮಕ್ಕಳು ಬೆಳೆಯುತ್ತಾರೆ. ಮನೆಯ ನೆಲದ ಮೇಲೆ ಓಡುವ ವಿದ್ಯುತ್ ರೈಲು ಮಾತ್ರ ಇಲ್ಲಿ ಅಪರೂಪ. ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಬರುವಾಗ ತಂದರೆ ಉಂಟು. ಆ ಪೆಟ್ಟಿಗೆಗಳ ಮೇಲೆ ಬಹಳ ಸಲ ಕಾಣುವ ಹೆಸರು ಲಯನೆಲ್. ಅದು ಒಬ್ಬ ಮನುಷ್ಯನ ಹೆಸರು.

ಜೋಶುವಾ ಲಯನೆಲ್ ಕೋವನ್ ಅವರು 1877ರ ಆಗಸ್ಟ್ 25ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ಯುರೋಪಿನಿಂದ ಬಂದು ನೆಲೆಸಿದ ಯಹೂದಿ ಕುಟುಂಬ. ಒಂಬತ್ತು ಮಕ್ಕಳಲ್ಲಿ ಇವರು ಎಂಟನೆಯವರು. ಮೊದಲು ಮನೆತನದ ಹೆಸರು ಕೋಹೆನ್ ಎಂದಿತ್ತು, ಮುಂದೆ ಅವರೇ ಅದನ್ನು ಕೋವನ್ ಎಂದು ಬದಲಿಸಿಕೊಂಡರು. ಏಳು ವರ್ಷದವರಿದ್ದಾಗ ಮರದಲ್ಲಿ ಕೆತ್ತಿದ ಇಂಜಿನ್ನಿಗೆ ಪುಟ್ಟ ಉಗಿಯಂತ್ರ ಕೂಡಿಸಲು ಹೋಗಿ ಅದು ಸಿಡಿಯಿತೆಂಬ ಕಥೆ ಇದೆ. ನಿಜವೋ ಕಟ್ಟುಕಥೆಯೋ, ಅವರ ಸ್ವಭಾವಕ್ಕಂತೂ ಒಪ್ಪುತ್ತದೆ. ಕಾಲೇಜು ಓದು ಪೂರ್ತಿಯಾಗಲಿಲ್ಲ.

ಕೈಗೆ ಮೊದಲು ಹಣ ಬಂದದ್ದು ಆಟಿಕೆಯಿಂದಲ್ಲ. ಫೋಟೊ ತೆಗೆಯುವವರು ಬೆಳಕಿಗಾಗಿ ಉರಿಸುತ್ತಿದ್ದ ಪುಡಿಗೆ ಕಿಡಿ ಹೊತ್ತಿಸುವ ಸಾಧನಕ್ಕೆ 1899ರಲ್ಲಿ ಪೇಟೆಂಟ್ ಪಡೆದರು. ಅದೇ ತಿಳಿವಳಿಕೆಯಿಂದ ಅಮೆರಿಕದ ನೌಕಾಪಡೆಗೆ ಸ್ಫೋಟಕದ ಫ್ಯೂಸ್ ಮಾಡಿಕೊಟ್ಟರು. 1900ರಲ್ಲಿ ಹ್ಯಾರಿ ಗ್ರಾಂಟ್ ಎಂಬ ಸ್ನೇಹಿತರ ಜೊತೆ ಕಂಪನಿ ತೆರೆದು, ತಮ್ಮ ನಡುವಿನ ಹೆಸರನ್ನೇ ಅದಕ್ಕೆ ಇಟ್ಟರು.

1901ರಲ್ಲಿ ಅವರ ಮೊದಲ ರೈಲು ಮ್ಯಾನ್‌ಹಟನ್ನಿನ ಒಂದು ಅಂಗಡಿಯ ಗಾಜಿನ ಹಿಂದೆ ಓಡಿತು. ಮೋಟಾರು ಕೂಡಿಸಿದ ಮರದ ಡಬ್ಬಿ, ಅಷ್ಟೇ. ಅಂಗಡಿಯ ಸಾಮಾನಿನ ಕಡೆ ಜನರ ಕಣ್ಣು ಸೆಳೆಯಲಿ ಎಂದು ಇಟ್ಟದ್ದು. ಆದರೆ ಗಿರಾಕಿಗಳು ಆ ಗಾಡಿಯನ್ನೇ ಕೊಡಿ ಎಂದು ಕೇಳತೊಡಗಿದರು. ಆಟಿಕೆಯ ವ್ಯಾಪಾರ ಹೀಗೆ ಶುರುವಾಯಿತು.

ಗಾಡಿ ಮಾಡುವುದಕ್ಕಿಂತ ಅದಕ್ಕೆ ಕರೆಂಟು ಕೊಡುವುದು ಕಷ್ಟವಾಗಿತ್ತು. ಆಗ ಬಹಳ ಮನೆಗಳಲ್ಲಿ ವಿದ್ಯುತ್ತೇ ಇರಲಿಲ್ಲ. ಆಮ್ಲ ತುಂಬಿದ ಗಾಜಿನ ಬ್ಯಾಟರಿಗಳನ್ನು ಮಕ್ಕಳ ಮುಂದೆ ಇಡಬೇಕಿತ್ತು. ಮನೆಗಳಿಗೆ ಎ.ಸಿ. ಕರೆಂಟು ಬಂದ ಮೇಲೆ ದಾರಿ ಸಲೀಸಾಯಿತು. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಎ.ಸಿ.ಯಲ್ಲಿ ಮಾತ್ರ. ಅದರೊಳಗೆ ಕಬ್ಬಿಣದ ಮೇಲೆ ಎರಡು ಬೇರೆ ಬೇರೆ ತಂತಿಯ ಸುರುಳಿಗಳು. ಒಂದಕ್ಕೆ ಮನೆಯ ಕರೆಂಟು, ಇನ್ನೊಂದರಿಂದ 18 ವೋಲ್ಟಿನ ಆಸುಪಾಸು ಹಳಿಗೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಹಳಿಯನ್ನು ಮಗು ಬರಿಗೈಯಲ್ಲಿ ಮುಟ್ಟುತ್ತದೆ, ಅದರ ಜೀವ ಉಳಿಸುವುದು ಈ ಅಂತರವೇ.

1906ರಲ್ಲಿ ಕೋವನ್ ಮೂರು ಕಂಬಿಯ ಹಳಿ ತಂದರು. ನಡುವಿನ ಕಂಬಿಯಲ್ಲಿ ಕರೆಂಟು, ಅಕ್ಕಪಕ್ಕದ ಎರಡರಲ್ಲಿ ಅದು ಮರಳುವ ದಾರಿ. ತಮ್ಮ ಅಳತೆಗೆ ಸ್ಟ್ಯಾಂಡರ್ಡ್ ಎಂದು ತಾವೇ ಹೆಸರಿಟ್ಟರು, ಬೇರೆಯವರೆಲ್ಲ ತಪ್ಪು ಅಳತೆಯವರು ಎಂಬಂತೆ! ಪೈಪೋಟಿಯಲ್ಲಿ ಅವರದು ಮೃದು ಕೈಯಲ್ಲ. ಐವ್ಸ್ ಎಂಬ ಹಳೆಯ ಕಂಪನಿ 1928ರಲ್ಲಿ ದಿವಾಳಿಯಾದಾಗ, ಇನ್ನೊಂದು ಕಂಪನಿಯ ಜೊತೆ ಸೇರಿ ಅದನ್ನು ಕೊಂಡರು.

ನಮ್ಮ ದೇಶದಲ್ಲೂ ಆ ಕಾಲಕ್ಕೆ ವಿದ್ಯುತ್ ಆಟದ ರೈಲು ಇತ್ತು. ಗ್ವಾಲಿಯರ್ ಮಹಾರಾಜ ಮಾಧವರಾವ್ ಸಿಂಧಿಯಾ ಅವರ ಊಟದ ಮೇಜಿನ ಬೆಳ್ಳಿ ರೈಲು ಪ್ರಸಿದ್ಧ. ಅದು ಅರಮನೆಯ ಮಾತಾಯಿತು. ಕೋವನ್ ಅವರ ಗಿರಾಕಿ ಸಂಬಳದ ಮನುಷ್ಯ, ಆದರೂ ಬೆಲೆ ಅಂಥವರಿಗೆ ಅಗ್ಗವೇನೂ ಆಗಿರಲಿಲ್ಲ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂಪನಿ ನ್ಯಾಯಾಲಯ ನೇಮಿಸಿದವರ ಕೈಗೆ ಹೋಯಿತು. 1934ರಲ್ಲಿ ಮಿಕ್ಕಿ ಮೌಸ್ ಗೊಂಬೆ ತಳ್ಳುವ ಒಂದು ಡಾಲರಿನ ಕೈಗಾಡಿ ತಂದರು, ಅದು ಲಕ್ಷಗಟ್ಟಲೆ ಮಾರಾಟವಾಯಿತು. ಮರುವರ್ಷ ರೈಲಿನಲ್ಲೇ ಸೀಟಿ ಊದುವ ಏರ್ಪಾಡು ಬಂತು. ಟ್ರಾನ್ಸ್‌ಫಾರ್ಮರ್ ಬದಿಯ ಗುಂಡಿ ಒತ್ತಿದರೆ ಎ.ಸಿ. ಜೊತೆ ಸ್ವಲ್ಪ ಡಿ.ಸಿ. ಸೇರಿ ಹಳಿಗೆ ಹರಿಯುತ್ತದೆ, ಗಾಡಿಯೊಳಗಿನ ರಿಲೇ ಅದನ್ನು ಗುರುತಿಸಿ ಸೀಟಿ ಊದಿಸುತ್ತದೆ. 1942ರಲ್ಲಿ ಯುದ್ಧದಿಂದಾಗಿ ಆಟಿಕೆ ನಿಂತು, ಕಾರ್ಖಾನೆ ನೌಕಾಪಡೆಗೆ ದಿಕ್ಸೂಚಿ ಮಾಡಿತು.

ಯುದ್ಧದ ನಂತರದ್ದೇ ಲಯನೆಲ್‌ನ ಒಳ್ಳೆಯ ಕಾಲ. 1948ರಲ್ಲಿ ಝಡ್‌ಡಬ್ಲ್ಯು ಎಂಬ ಟ್ರಾನ್ಸ್‌ಫಾರ್ಮರ್ ಬಂತು. ಮೊದಲು 250 ವ್ಯಾಟ್, ಮುಂದೆ 275. ನಾಲ್ಕು ರೈಲುಗಳ ವೇಗವನ್ನು ಒಂದೇ ಪೆಟ್ಟಿಗೆಯಿಂದ ಹಿಡಿತದಲ್ಲಿಡಬಹುದಿತ್ತು. ಇಲ್ಲೊಂದು ಗುಟ್ಟಿದೆ. ಆ ವ್ಯಾಟ್ ಒಳಗೆ ಹೋಗುವ ಲೆಕ್ಕ, ಹಳಿಗೆ ಸಿಗುವುದು ಅದಕ್ಕಿಂತ ಕಡಿಮೆ. ಆ ಕಾಲದ ಒಂದು ಇಂಜಿನ್ನಿಗೆ ಸುಮಾರು 30–40 ವ್ಯಾಟ್ ಬೇಕು, ಬೋಗಿಗಳ ದೀಪ, ಸೀಟಿ ಬೇರೆ. ಹೊಲದ ಟ್ರಾನ್ಸ್‌ಫಾರ್ಮರಿಗೆ ಅಳತೆ ಮೀರಿ ಮೋಟಾರು ಜೋಡಿಸಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಬೇಕಿಲ್ಲ. ಇದೂ ಅದೇ ಲೆಕ್ಕ. ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಬ್ರೇಕರ್ ಝಡ್‌ಡಬ್ಲ್ಯುವಿನೊಳಗೇ ಇತ್ತು. ಫ್ಯೂಸ್ ಸುಟ್ಟ ಜಾಗಕ್ಕೆ ದಪ್ಪ ತಂತಿ ಸುತ್ತುವ ನಮ್ಮ ಅಭ್ಯಾಸ ಇಂಥಲ್ಲಿ ಬೇಡ.

ಅಮೆರಿಕದ ಮನೆಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಹಳೆಯ ಟ್ರಾನ್ಸ್‌ಫಾರ್ಮರನ್ನು ಇಲ್ಲಿನ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟು ಹೋಗುತ್ತದೆ. ವೋಲ್ಟ್ ಇಳಿಸುವ ಪೆಟ್ಟಿಗೆ ನಡುವೆ ಇಟ್ಟರೂ 50 ಹರ್ಟ್ಸಿನಲ್ಲಿ ಅದು ಹೆಚ್ಚು ಬಿಸಿಯಾಗುತ್ತದೆ. ಹೊಸ ಸೆಟ್ಟುಗಳ ಅಡಾಪ್ಟರ್ ಮೇಲೆ 100–240 ಎಂದು ಬರೆದಿದ್ದರೆ ತೊಂದರೆಯಿಲ್ಲ. ಎಚ್‌ಒ ಅಳತೆಯ ಸಣ್ಣ ರೈಲುಗಳಲ್ಲಿ ಹೆಚ್ಚಿನವು 12 ವೋಲ್ಟ್ ಡಿ.ಸಿ.ಯವು. ಅವುಗಳಿಗೆ ಲಯನೆಲ್‌ನ ಹಳೆಯ ಎ.ಸಿ. ಕೊಟ್ಟರೆ ಮೋಟಾರು ಕೆಡುತ್ತದೆ.

1950ರ ದಶಕದ ಕೊನೆಗೆ ಟಿ.ವಿ., ವಿಮಾನಗಳ ಮೋಹದಲ್ಲಿ ರೈಲಿನ ಆಟ ಹಿಂದೆ ಬಿತ್ತು. 1959ರಲ್ಲಿ ಕೋವನ್ ತಮ್ಮ ಷೇರುಗಳನ್ನು ಸಂಬಂಧಿಕರಾದ ವಕೀಲ ರಾಯ್ ಕೋನ್ ಅವರ ಗುಂಪಿಗೆ ಮಾರಿ ಹೊರಬಂದರು. 1965ರ ಸೆಪ್ಟೆಂಬರ್ 8ರಂದು ಫ್ಲೋರಿಡಾದ ಪಾಮ್ ಬೀಚ್‌ನಲ್ಲಿ ತೀರಿಕೊಂಡರು. ನಾಲ್ಕೇ ವರ್ಷದಲ್ಲಿ ಅವರ ರೈಲು ತಯಾರಿಸುವ ಹಕ್ಕು ಜನರಲ್ ಮಿಲ್ಸ್ ಎಂಬ ತಿಂಡಿ ತಿನಿಸಿನ ಕಂಪನಿಗೆ ಹೋಯಿತು. ಅವರ ಕಾಲದ ಝಡ್‌ಡಬ್ಲ್ಯು ಪೆಟ್ಟಿಗೆಗಳನ್ನು ಅಮೆರಿಕದ ಹವ್ಯಾಸಿಗಳು ಹೊಸ ವೈರು ಹಾಕಿಸಿ ಇಂದಿಗೂ ಬಳಸುತ್ತಾರೆ.